ಸರಾಸರಿಗೆ ದೃಷ್ಟಿ ತಾಗುವುದಿಲ್ಲ

ಜೂಂಡಲಪ್, ಪರ್ತ್
9 ನವೆಂಬರ್ 2024

ಅಣ್ಣಾ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಚೆನ್ನಾಗಿಲ್ಲದ್ದನ್ನು ಬರೆಯಲು ಜಾಗ ಸಿಗುತ್ತದೆ.

ಫೋನು ಬಿಟ್ಟು ಕಾಗದ ಯಾಕೆ ಅಂದುಕೊಳ್ಳಬೇಡ. ನಿನಗೆ ಫೋನು ಮಾಡಿದರೆ ಪದ್ಮಾ ಅತ್ತಿಗೆ ಸ್ಪೀಕರ್ ಹಾಕುತ್ತಾರೆ. ಒಳ್ಳೆಯದಕ್ಕೇ ಹಾಕುತ್ತಾರೆ, ಆದರೆ ನನಗೆ ಇಬ್ಬರು ಕೇಳುತ್ತಿದ್ದಾರೆ ಅಂದರೆ ಮಾತೇ ಹೊರಡುವುದಿಲ್ಲ. ನನ್ನ ಕಾಗುಣಿತ ನೋಡಿ ನಗಬೇಡ.

ವಿಷಯ ಪೂರ್ವಿಯದು. ಅಡಿಲೇಡಿನಲ್ಲಿ ಫಿಸಿಯೋಥೆರಪಿ ಓದುತ್ತಾ ಅಲ್ಲಿಯ ತಂಡಕ್ಕೆ ಐಸ್ ಹಾಕಿ ಆಡುತ್ತಾಳಲ್ಲ, ಈಗ ಗೋಲಿನ ಮುಂದೆ ನಿಲ್ಲುವವಳು ಅವಳೇ. ಪ್ರಪಂಚದಲ್ಲಿ ಎಷ್ಟೊಂದು ಆಟಗಳಿರುವಾಗ, ಎದುರಿಗೆ ಬರುವ ಕಲ್ಲಿನಂಥ ಬಿಲ್ಲೆಗೆ ಮೈಯೊಡ್ಡುವ ಆಟವೇ ಬೇಕಾಗಿತ್ತೇ ಇವಳಿಗೆ? ಇರಲಿ. ಪ್ರತಿ ತಿಂಗಳೂ ಕೋಚು ಒಂದು ಲೆಕ್ಕ ಕಳಿಸುತ್ತಾನೆ, ನೂರು ಹೊಡೆತಕ್ಕೆ ಎಷ್ಟು ತಡೆದಳು ಅಂತ. ಹೋದ ವರ್ಷ ತೊಂಬತ್ತೊಂದು ಇತ್ತು. ಈ ವರ್ಷ ಎಂಬತ್ತೆಂಟಕ್ಕೆ ಬಂದಿದೆ. ಕೈ ನೋಯುತ್ತಿದೆಯೋ, ಸರಿಯಾಗಿ ಊಟ ಮಾಡುತ್ತಿಲ್ಲವೋ, ಯಾವ ಹುಡುಗನಾದರೂ ತಲೆ ಕೆಡಿಸಿದನೋ. ಸ್ಯಾಲಿಸ್‌ಬರಿಯಲ್ಲಿ ಅವಳ ಮನೆ ಓನರಮ್ಮ ಮೈಥಿಲಿಯವರನ್ನು ಕೇಳಿದೆ. "ಸೊಗಸಾಗಿ ತಿಂತಾಳೆ, ನನ್ನ ಪಾಲೂ ಸೇರಿಸಿ" ಎಂದರು.

ನೀನು ಅಂಕಿ ಬಲ್ಲವನು. ನನ್ನ ಮಗಳು ಕೆಳಗೆ ಇಳಿಯುತ್ತಿದ್ದಾಳೆಯೇ? ಇವರನ್ನು ಕೇಳಿದರೆ "ಭಾವ ಹೇಳಿದ್ರೆ ಸರಿ" ಎಂದು ಆಸ್ಪತ್ರೆಯ ಡ್ಯೂಟಿಗೆ ಹೊರಟುಬಿಡುತ್ತಾರೆ.

ಹಂಸಾ

---

ರನ್‌ಕಾರ್ನ್, ಬ್ರಿಸ್ಬೇನ್
20 ನವೆಂಬರ್ 2024

ಪ್ರಿಯ ಹಂಸಾ,

ನಿನ್ನ ಕಾಗುಣಿತ ಚೆನ್ನಾಗಿಯೇ ಇದೆ. ಪದ್ಮಾಗೆ ಕಾಗದ ತೋರಿಸಿಲ್ಲ, ಆದರೆ ಅವಳು ಲಕೋಟೆಯನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದ್ದು ನಿಜ.

ನಿನ್ನ ಪ್ರಶ್ನೆ ನನಗೆ ಹಬ್ಬವಾಯಿತು. ಒಂದು ವಾರ ಸಂಜೆಯೆಲ್ಲ ಇದನ್ನೇ ಓದಿದೆ. ಉತ್ತರ ಮೊದಲೇ ಹೇಳುತ್ತೇನೆ: ಎಂಬತ್ತೆಂಟು ಅಂದರೆ ಏನೂ ಅಲ್ಲ. ಯಾವ ವರ್ಷದ ಎಂಬತ್ತೆಂಟು ಎಂದು ಹೇಳು, ಆಗ ಮಾತಾಡೋಣ.

ಉತ್ತರ ಅಮೆರಿಕದ ದೊಡ್ಡ ಪ್ರೊಫೆಷನಲ್ ಲೀಗನ್ನು ತೆಗೆದುಕೊ. ಎಂಬತ್ತರ ದಶಕದ ಮೊದಲಲ್ಲಿ ಎರಡೂ ತಂಡ ಸೇರಿ ಒಂದು ಪಂದ್ಯಕ್ಕೆ ಸುಮಾರು ಎಂಟು ಗೋಲು ಹೊಡೆಯುತ್ತಿದ್ದರು. ಗೋಲ್‌ಕೀಪರಿನ ಕಾಲಿಗೆ ಕಟ್ಟುವ ಪ್ಯಾಡು ತೆಳ್ಳಗೆ, ನಿಂತುಕೊಂಡೇ ತಡೆಯುವ ಕಾಲ. ಆಗ ಎಂಬತ್ತೆಂಟು ತಡೆದವನು ರಾಜ. ಆಮೇಲೆ ಪ್ಯಾಡು ದಿಂಬಿನಷ್ಟಾಯಿತು, ಮೊಣಕಾಲೂರಿ ಗೋಲಿನ ಕೆಳಭಾಗವನ್ನೆಲ್ಲ ಮುಚ್ಚುವುದನ್ನು ಕಲಿತರು, ತಂಡಗಳು ಅಡ್ಡಗಟ್ಟಿ, ಜಗ್ಗಿ, ಹಿಡಿದು ಆಟವನ್ನೇ ಕಟ್ಟಿಹಾಕಿದವು. ಇಪ್ಪತ್ತು ವರ್ಷದಲ್ಲಿ ಗೋಲು ಐದರ ಹತ್ತಿರಕ್ಕೆ ಇಳಿಯಿತು. ಒಂದು ವರ್ಷ ಸಂಬಳದ ಜಗಳಕ್ಕೆ ಇಡೀ ಸೀಸನ್ನೇ ನಿಂತು, ಮತ್ತೆ ಶುರುವಾದಾಗ ನಿಯಮ ಬದಲಾಯಿಸಿದರು: ಜಗ್ಗಿದರೆ ಶಿಕ್ಷೆ, ಪ್ಯಾಡು ಚಿಕ್ಕದು. ಗೋಲು ಏರಿತು. ಹತ್ತು ವರ್ಷದಲ್ಲಿ ಮತ್ತೆ ಇಳಿಯಿತು. ಈಗ ಮತ್ತೆ ಆರು ದಾಟಿದೆ. ಸಮುದ್ರದ ಹಾಗೆ, ಉಬ್ಬರ ಇಳಿತ. ಹತ್ತು ವರ್ಷದ ಹಿಂದೆ ಎಂಬತ್ತೆಂಟು ತಡೆದಿದ್ದರೆ ಮನೆಗೆ ಕಳಿಸುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಅರವತ್ತೆಂಟು ಪರ್ಸೆಂಟ್ ತೆಗೆದಾಗ ಅಪ್ಪ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದರು. ಈಗ ತೊಂಬತ್ತಾರು ತೆಗೆದ ಹುಡುಗ ಬಾಗಿಲು ಹಾಕಿಕೊಂಡು ಅಳುತ್ತಾನೆ. ನಾನು ಅವನಿಗಿಂತ ದಡ್ಡನೇ? (ಉತ್ತರ ಬರೆಯಬೇಡ.)

ಆದ್ದರಿಂದ ಒಂದು ಕೆಲಸ ಮಾಡು. ಪೂರ್ವಿಯ ಲೀಗಿನಲ್ಲಿ ಎಲ್ಲ ಗೋಲ್‌ಕೀಪರುಗಳ ಸರಾಸರಿ ಎಷ್ಟು, ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು, ಕೇಳಿ ಬರೆ. ಅವಳು ಸರಾಸರಿಯಿಂದ ಎಷ್ಟು ಮೇಲಿದ್ದಾಳೆ ಅನ್ನುವುದೊಂದೇ ಲೆಕ್ಕ. ಬಾಕಿಯೆಲ್ಲ ಗಾಳಿ.

ಉಮಾಕಾಂತ

---

ಜೂಂಡಲಪ್
14 ಡಿಸೆಂಬರ್ 2024

ಅಣ್ಣಾ,

ತಡವಾಯಿತು. ಹೊರಗೆ ನಲವತ್ತು ಡಿಗ್ರಿ, ಮಗಳು ಮಂಜಿನ ಮೇಲೆ, ನನಗೆ ಸೆಕೆಯೂ ಚಳಿಯೂ ಒಟ್ಟಿಗೆ.

ಈಗ ವಿಷಯ ದೊಡ್ಡದಾಗಿದೆ. ಸ್ವೀಡನ್ನಿನ ಒಂದು ಕ್ಲಬ್ಬಿನವರು ಅವಳ ಆಟದ ವಿಡಿಯೋ ನೋಡಿ ಕರೆದಿದ್ದಾರೆ. ಆಟವನ್ನೇ ಉದ್ಯೋಗ ಮಾಡಿಕೊಂಡವರ ಕ್ಲಬ್ಬು. ಆಗಸ್ಟಿಗೆ ಹೋಗಬೇಕು, ಒಂದು ಸೀಸನ್ ಇರಬೇಕು, ಜನವರಿ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಕಾಲೇಜಿನಿಂದ ಒಂದು ವರ್ಷ ರಜೆ ತೆಗೆದುಕೊಳ್ಳುತ್ತಾಳಂತೆ. "ಜಸ್ಟ್ ಒನ್ ಇಯರ್ ಅಮ್ಮಾ, ಆಮೇಲೆ ಬಂದು ಮುಗಿಸ್ತೀನಿ" ಅಂದಳು.

ಒಂದು ವರ್ಷ ಅನ್ನುವ ಮಾತು ನನಗೆ ಗೊತ್ತಿಲ್ಲವೇ ಅಣ್ಣಾ? ಅಮ್ಮ ಹಾಸಿಗೆ ಹಿಡಿದಾಗ ಒಂಬತ್ತನೇ ಕ್ಲಾಸು ಬಿಟ್ಟೆ, "ಒಂದು ವರ್ಷ ಅಷ್ಟೇ" ಅಂದಿದ್ದರು ಎಲ್ಲರೂ. ಎರಡಾಯಿತು. ಆಮೇಲೆ ಪ್ರೈವೇಟಾಗಿ ಹತ್ತನೆಯದಕ್ಕೆ ಕಟ್ಟಿದೆ, ಲೆಕ್ಕದಲ್ಲಿ ಮೂವತ್ತೊಂದು ಬಂತು. ಅಲ್ಲಿಗೆ ನಿಂತಿತು. ಈವತ್ತಿಗೂ ಬ್ಯಾಂಕಿನಲ್ಲಿ ಫಾರಂ ತುಂಬಲು ಕೊಟ್ಟರೆ ಇವರ ಕಡೆ ತಳ್ಳುತ್ತೇನೆ.

ನೀನು ಕೇಳಿದ್ದು: ಸರಾಸರಿ ಹೋದ ವರ್ಷ ತೊಂಬತ್ತು, ಈ ವರ್ಷ ಎಂಬತ್ತೇಳು. ಕೆನಡಾದಿಂದ ಗೋಲು ಹೊಡೆಯುವ ಹುಡುಗಿಯರು ತುಂಬಾ ಬಂದಿದ್ದಾರೆ, ಜಗ್ಗಿದರೆ ಇಲ್ಲೂ ಶಿಕ್ಷೆ ಜಾಸ್ತಿ ಮಾಡಿದ್ದಾರೆ. ಪೂರ್ವಿಯದು ಈ ತಿಂಗಳು ಎಂಬತ್ತೈದು.

ಇವರು ಮಗಳಿಗೆ ಹೇಳಿದ್ದಾರೆ, "ಉಮಾಕಾಂತ ಮಾಮ ನೋಡ್ತಿದಾರೆ, ಅವ್ರು ಏನಂತಾರೋ ಅದೇ ಫೈನಲ್." ಅವಳೂ ಒಪ್ಪಿದ್ದಾಳೆ. ನಿನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಹಂಸಾ

---

ರನ್‌ಕಾರ್ನ್
27 ಡಿಸೆಂಬರ್ 2024

ಪ್ರಿಯ ಹಂಸಾ,

ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರೂ ಬಾರ್ಬೆಕ್ಯೂ ಮಾಡುತ್ತಿದ್ದರೆ ನಾನು ಪೂರ್ವಿಯ ಲೆಕ್ಕ ಮಾಡುತ್ತಿದ್ದೆ. ಪದ್ಮಾ "ಸೊಸೆ ಆಟ ಆಡ್ತಾಳೆ, ನೀವು ಯಾಕೆ ಬೆವರ್ತೀರಿ" ಎಂದಳು.

ಬರೆಯುವುದಕ್ಕೆ ಸಂತೋಷವಿಲ್ಲ, ಆದರೆ ಸಂದೇಹವೂ ಇಲ್ಲ. ಈ ವರ್ಷ ಲೀಗಿನಲ್ಲೇ ಗೋಲು ಹೆಚ್ಚಾಗಿದೆ, ಎಲ್ಲರೂ ಮೂರು ಮೆಟ್ಟಿಲು ಇಳಿದಿದ್ದಾರೆ. ಅದು ಯಾರ ತಪ್ಪೂ ಅಲ್ಲ, ಕಾಲದ ಗುಣ. ಆದರೆ ಪೂರ್ವಿ ಹೋದ ವರ್ಷ ಸರಾಸರಿಗಿಂತ ಒಂದು ಮೇಲಿದ್ದಳು, ಈಗ ಎರಡು ಕೆಳಗಿದ್ದಾಳೆ. ಕಾಲದ ಪಾಲನ್ನು ಕಳೆದ ಮೇಲೂ ಉಳಿಯುವ ಇಳಿತ ಅವಳದೇ. ವಿಡಿಯೋದಲ್ಲಿ ಒಂದೆರಡು ಒಳ್ಳೆಯ ತಡೆ ನೋಡಿ ಕರೆದಿರಬೇಕು. ಸ್ವೀಡನ್ನಿನಲ್ಲಿ ಮೊದಲ ತಿಂಗಳಲ್ಲೇ ಬೆಂಚಿನ ಮೇಲೆ ಕೂರಿಸುತ್ತಾರೆ. ಅದಕ್ಕಾಗಿ ಓದು ನಿಲ್ಲಿಸುವುದು ಬೇಡ.

ವಿನಯ ನನ್ನ ಮಾತೇ ಫೈನಲ್ ಎಂದಿದ್ದಾನಲ್ಲ, ಅವನಿಗೂ ಇದನ್ನೇ ಬರೆದಿದ್ದೇನೆ. ಮಗುವಿಗೆ ಮೃದುವಾಗಿ ಹೇಳಿ. ನೀನು ಹೆದರಿದ್ದು ಈ ಸಲ ಸರಿಯಾಗಿಯೇ ಇತ್ತು.

ಉಮಾಕಾಂತ

---

ಜೂಂಡಲಪ್
7 ಜನವರಿ 2025

ಅಣ್ಣಾ,

ನಿನ್ನ ಕಾಗದ ಸೇರಿತು. ಇವರು ಫೋನಿನಲ್ಲಿ ಪೂರ್ವಿಗೆ ಹೇಳಿದರು. "ನೋ ವರೀಸ್, ಅಪ್ಪಾ. ಸ್ವೀಡನ್‌ಗೆ ಇವತ್ತೇ ಬರೀತೀನಿ" ಎಂದಳಂತೆ.

ಎಲ್ಲರಿಗೂ ಒಳ್ಳೆಯದೇ ಆಯಿತು. ಹಿತ್ತಲಲ್ಲಿ ಕರಿಬೇವು ಈ ಬಿಸಿಲಿಗೂ ಚೆನ್ನಾಗಿ ಬಂದಿದೆ. ಅತ್ತಿಗೆಗೆ ಕಳಿಸೋಣವೆಂದರೆ ರಾಜ್ಯದಿಂದ ರಾಜ್ಯಕ್ಕೆ ಗಿಡ ಕಳಿಸಬಾರದಂತೆ.

ಹಂಸಾ

---

ರನ್‌ಕಾರ್ನ್
13 ಜನವರಿ 2025

ಪ್ರಿಯ ಹಂಸಾ,

ಮಗು ಇಷ್ಟು ಪ್ರಬುದ್ಧವಾಗಿ ತೆಗೆದುಕೊಂಡಿದ್ದು ಕೇಳಿ ಸಮಾಧಾನವಾಯಿತು. ಈ ಕಾಲದ ಮಕ್ಕಳಿಗೆ ಕಾರಣ ತೋರಿಸಿ ಹೇಳಿದರೆ ಕೇಳುತ್ತಾರೆ. ನಾನು ಅಂಕಿಗಳನ್ನು ಒಂದು ಪುಟದಲ್ಲಿ ಬರೆದು ಅವಳಿಗೂ ಕಳಿಸಿದ್ದೇನೆ, ಮನಸ್ಸಿನಲ್ಲಿ ಏನೂ ಉಳಿಯಬಾರದಲ್ಲ.

ಕರಿಬೇವಿನ ವಿಷಯ ಓದಿ ಪದ್ಮಾಗೆ ಬೇಸರವಾಯಿತು. (ಆ ಕಾಗದದಲ್ಲಿ ಗುಟ್ಟು ಇರಲಿಲ್ಲವಾದ್ದರಿಂದ ತೋರಿಸಿದೆ.)

ಉಮಾಕಾಂತ

---

ಜೂಂಡಲಪ್
18 ಜನವರಿ 2025
ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ

ಅಣ್ಣಾ,

ಇದನ್ನು ಅತ್ತಿಗೆಗೆ ತೋರಿಸು, ಬೇಕಾದರೆ ಸ್ಪೀಕರಿನಲ್ಲಿ ಓದು. ಬಚ್ಚಿಡುವುದು ಸಾಕಾಯಿತು.

ನಿನ್ನ ಪುಟ ಪೂರ್ವಿಗೆ ಸೇರಿತು. ತಕ್ಷಣ ನನಗೆ ಫೋನು. "ಅಮ್ಮಾ, ಮಾಮಂಗೆ ಎಯ್ಟಿಫೈವ್ ಅಂತ ಯಾರು ಹೇಳಿದ್ದು? ನಂದು ನೈಂಟಿ. ಯೂ ನೋ ಇಟ್ಸ್ ನೈಂಟಿ!" ಆಮೇಲೆ "ಡೂ ಯೂ ಈವನ್ ವಾಚ್ ಮೈ ಗೇಮ್ಸ್?" ಎಂದು ಕೇಳಿ ಫೋನು ಇಟ್ಟಳು.

ಹೌದು, ತೊಂಬತ್ತು. ಹೋದ ವರ್ಷ ತೊಂಬತ್ತೆರಡು ಇತ್ತು, ನಾನು ನಿನಗೆ ತೊಂಬತ್ತೊಂದು ಎಂದು ಬರೆದೆ. ನವೆಂಬರಿನಲ್ಲಿ ತೊಂಬತ್ತಿದ್ದದ್ದನ್ನು ಎಂಬತ್ತೆಂಟು ಮಾಡಿದೆ. ಮಕ್ಕಳ ಒಳ್ಳೆಯದನ್ನು ಇದ್ದ ಹಾಗೆ ಬಾಯಿಬಿಟ್ಟು ಹೇಳಬಾರದು, ಒಂದು ಹಿಡಿ ಕಮ್ಮಿ ಮಾಡಿ ಹೇಳು ಅಂತ ಅಮ್ಮ ಕಲಿಸಿದ್ದು ನಿನಗೂ ಗೊತ್ತು. ಕೂಸು ದುಂಡಗಿದ್ದರೆ "ಏನೋ, ಇದೆ" ಅನ್ನಬೇಕು. ನಿನ್ನ ಕಣ್ಣು ಕೆಟ್ಟದ್ದಲ್ಲ ಅಣ್ಣಾ. ಆದರೆ ತಾಯಿಯ ಕಣ್ಣೇ ತಾಗುತ್ತದೆ ಅಂತಾರಲ್ಲ. ಸರಾಸರಿಗೆ ಮಾತ್ರ ಯಾರ ದೃಷ್ಟಿಯೂ ತಾಗುವುದಿಲ್ಲ, ಅದಕ್ಕೇ ಅದನ್ನು ಇದ್ದ ಹಾಗೆಯೇ ಬರೆದೆ. ನೀನು ಎರಡನ್ನೂ ಪಕ್ಕ ಪಕ್ಕ ಇಟ್ಟು ಕಳೆದರೆ ಲೆಕ್ಕವೇ ತಿರುಗಿಬೀಳುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಮೂವತ್ತೊಂದು ಸುಮ್ಮನೆ ಬಂದಿತ್ತೇ?

ಆದರೆ ಡಿಸೆಂಬರಿನ ಎಂಬತ್ತೈದು ದೃಷ್ಟಿಯ ಲೆಕ್ಕವಲ್ಲ. ಸ್ವೀಡನ್ನಿನ ವಿಷಯ ಬಂದ ಮೇಲೆ ಐದು ಕಳೆದೆ. ದೃಷ್ಟಿಗೆ ಒಂದು ಎರಡು ಸಾಕು. ಮಿಕ್ಕಿದ್ದು, ನೀನು ಬೇಡ ಅನ್ನಲಿ ಅಂತ. ನಾನೇ ಬೇಡ ಅಂದರೆ ಅವಳು ಯಾಕೆ ಅನ್ನುತ್ತಾಳೆ, ನನ್ನ ಹತ್ತಿರ ಇರುವುದು ಹೆದರಿಕೆ ಮಾತ್ರ. ನೀನು ಅಂದರೆ ಅಂಕಿ ಇರುತ್ತದೆ.

ಅವಳ ಆಟ ನಾನು ನೋಡುವುದಿಲ್ಲ, ಅದೂ ನಿಜ. ಟಿವಿಯಲ್ಲಿ ಹಾಕುತ್ತೇನೆ, ಬಿಲ್ಲೆ ಅವಳ ಕಡೆ ಬಂದ ಕೂಡಲೇ ಒಗ್ಗರಣೆಗೆ ಎದ್ದುಹೋಗುತ್ತೇನೆ. ಆಮೇಲೆ ಅಂಕಿ ಕೇಳುತ್ತೇನೆ. ಅಂಕಿಗೆ ಪೆಟ್ಟು ಬೀಳುವುದಿಲ್ಲವಲ್ಲ.

ಒಂದು ಒಳ್ಳೆಯದಿದೆ. ಮೈಥಿಲಿಯವರು ಇವತ್ತು ಗುಟ್ಟಾಗಿ ಹೇಳಿದರು, ಅವಳು ಸ್ವೀಡನ್ನಿಗೆ ಇನ್ನೂ ಬರೆದಿಲ್ಲ. "ಬರೀತೀನಿ ಬರೀತೀನಿ ಅಂತ ಲ್ಯಾಪ್‌ಟಾಪ್ ತೆಗೀತಾಳೆ, ಮುಚ್ತಾಳೆ" ಎಂದರು. ತಿಂಗಳ ಕೊನೆವರೆಗೆ ಸಮಯವಿದೆ. ಸರಿಯಾದ ಅಂಕಿ ಇಟ್ಟು ಇನ್ನೊಂದು ಸಲ ನೋಡು ಅಣ್ಣಾ. ಬಯ್ಯುವುದಿದ್ದರೆ ಆಮೇಲೆ ಬೈ.

ಹಂಸಾ

---

ರನ್‌ಕಾರ್ನ್
22 ಜನವರಿ 2025

ಪ್ರಿಯ ಹಂಸಾ,

ನಿನ್ನ ಕಾಗದವನ್ನು ಪದ್ಮಾಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು. "ನಿಮ್ಮ ಮನೆಯೋರೆಲ್ಲ ಹೀಗೇ ಕಣ್ರೀ. ನಮ್ಮ ಮದುವೆ ಮಾತುಕತೆಗೆ ನಿಮ್ಮಮ್ಮ ಬಂದು, ಹುಡುಗ ಹೇಗೋ ಎಂಜಿನಿಯರಿಂಗ್ ಮುಗಿಸಿದಾನೆ ಅಂದ್ರು. ನಮ್ಮಪ್ಪ ಒಂದು ವಾರ ಯೋಚನೆ ಮಾಡಿದ್ರು, ಕೊಡೋದಾ ಬೇಡ್ವಾ ಅಂತ. ರ‍್ಯಾಂಕ್ ಬಂದಿತ್ತು ಅಂತ ಗೊತ್ತಾಗಿದ್ದು ಲಗ್ನ ಆದ್ಮೇಲೆ!" ಮೂವತ್ತು ವರ್ಷದಿಂದ ಈ ಕಥೆ ಕೇಳುತ್ತಿದ್ದರೂ ನನಗೆ ಬುದ್ಧಿ ಬರಲಿಲ್ಲ. ಅಪ್ಪ ಅಮ್ಮಂದಿರು ಮಕ್ಕಳ ಅಂಕಿ ಏರಿಸಿ ಹೇಳುತ್ತಾರೆ ಎಂದು ಲೋಕವೆಲ್ಲ ಬಲ್ಲದು. ನಾನು ಅದಕ್ಕೇ ನಿನ್ನ ಎಂಬತ್ತೈದರಲ್ಲೂ ಒಂದು ಕಮ್ಮಿ ಇದ್ದೀತು ಎಂದುಕೊಂಡಿದ್ದೆ!

ಸರಿಯಾದ ಲೆಕ್ಕ ಇದು. ಹೋದ ವರ್ಷ ಸರಾಸರಿಗಿಂತ ಎರಡು ಮೇಲೆ. ಈ ವರ್ಷ ಮೂರು ಮೇಲೆ. ಎಲ್ಲರ ಮೇಲೂ ಗೋಲಿನ ಮಳೆ ಸುರಿಯುತ್ತಿರುವ ವರ್ಷದಲ್ಲಿ ಅವಳು ಕಮ್ಮಿ ನೆನೆದಿದ್ದಾಳೆ. ಅವಳ ಅಂಕಿ ಇಳಿಯಿತು, ಅವಳು ಏರಿದಳು. ಸ್ವೀಡನ್ನಿನವರ ಕಣ್ಣಿಗೆ ವಿಡಿಯೋದಲ್ಲಿ ಕಂಡದ್ದು ಇದೇ.

ಈ ಕಾಗದ ನಿನಗೆ ಸೇರುವ ಹೊತ್ತಿಗೆ ವಿನಯನಿಗೂ ಪೂರ್ವಿಗೂ ಫೋನು ಮಾಡಿಯಾಗಿರುತ್ತದೆ. ಹೋಗು ಎಂದೇ ಹೇಳುತ್ತೇನೆ, ಕಾಲೇಜಿನವರು ಸೀಟು ಕಾದಿರಿಸುತ್ತೇವೆ ಎಂದು ಬರೆದುಕೊಟ್ಟರೆ. ಬರೆದುಕೊಡುತ್ತಾರೆ. ಇಲ್ಲಿ ಅದು ದಿನನಿತ್ಯದ ಮಾತು.

ನಿನ್ನ ಮೂವತ್ತೊಂದರ ಬಗ್ಗೆ. ಶಾಲೆಯ ಬಾಗಿಲು ನೋಡದೆ, ಹೇಳಿಕೊಡುವವರಿಲ್ಲದೆ, ಅಡುಗೆ ಮಾಡಿ ಅಮ್ಮನನ್ನು ನೋಡಿಕೊಂಡು ಪರೀಕ್ಷೆಗೆ ಕೂತವರ ಸರಾಸರಿ ಎಷ್ಟಿತ್ತೋ ನನಗೆ ಗೊತ್ತಿಲ್ಲ. ನೀನು ಅದಕ್ಕಿಂತ ಕೆಳಗಿರಲಿಲ್ಲ ಅನ್ನುವುದು ಮಾತ್ರ ಖಂಡಿತ. ಒಂದು ವರ್ಷ ನಿನ್ನ ಓದನ್ನು ಮುರಿಯಲಿಲ್ಲ ಹಂಸಾ. ನಿನ್ನ ಸೀಟು ಯಾರೂ ಹಿಡಿದಿಡಲಿಲ್ಲ. ಅವಳದನ್ನು ನಾವು ಹಿಡಿದಿಡೋಣ.

ಬಯ್ಯುವುದನ್ನು ಪದ್ಮಾಗೆ ವಹಿಸಿದ್ದೇನೆ.

ಉಮಾಕಾಂತ

---

ಸ್ಯಾಲಿಸ್‌ಬರಿ, ಅಡಿಲೇಡ್
10 ಫೆಬ್ರವರಿ 2025

ಅಣ್ಣಾ,

ವಿಳಾಸ ನೋಡಿ ಗಾಬರಿಯಾಗಬೇಡ. ಒಬ್ಬಳೇ ವಿಮಾನ ಹತ್ತಿ ಬಂದೆ. ಇವರು "ನಾನೂ ಬರ್ಲಾ?" ಎಂದರು, "ಬೇಡಿ, ಇಬ್ರೂ ಒಂದೇ ವಿಮಾನದಲ್ಲಿ ಯಾಕೆ" ಎಂದೆ. ಅಷ್ಟು ಹೆದರಿಕೆ ಉಳಿಸಿಕೊಂಡಿದ್ದೇನೆ.

ಪೂರ್ವಿ ಜನವರಿಯ ಕೊನೆಯ ದಿನ ಹೂಂ ಎಂದು ಬರೆದಳು. ಕಾಲೇಜಿನ ಪತ್ರವೂ ಬಂತು. ನನ್ನ ಹತ್ತಿರ ಎರಡು ವಾರ ಸರಿಯಾಗಿ ಮಾತಾಡಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅಪ್ಪಿಕೊಂಡಳು, ಕಾರಿನಲ್ಲಿ ಮಾತ್ರ, "ಫೈವ್, ಅಮ್ಮಾ? ಐದು ಕಳೆದ್ಯಾ?" ಎಂದಳು. "ಕಳೆದೆ" ಎಂದೆ. "ಸಾರಿ" ಎಂದೂ ಹೇಳಿದೆ. ಅವಳು ಟ್ರಾಫಿಕ್ ಲೈಟು ಹಸಿರಾಗುವವರೆಗೂ ನನ್ನನ್ನೇ ನೋಡಿ, "ಓಕೆ. ಆದ್ರೆ ಶನಿವಾರ ಮ್ಯಾಚಲ್ಲಿ ಕಿಚನ್ ಇರಲ್ಲ" ಎಂದಳು.

ಅಲ್ಲಿ ಅಡುಗೆಮನೆ ಇರಲಿಲ್ಲ ನಿಜ. ಮೈಥಿಲಿಯವರೂ ನಾನೂ ಶಾಲು ಹೊದ್ದು ಗಾಜಿನ ಹತ್ತಿರವೇ ಕೂತೆವು. ಎದುರು ತಂಡ ನಿಮ್ಮ ಬ್ರಿಸ್ಬೇನಿನದೇ, ಕ್ಷಮಿಸು, ನಾವು ಐದು ನಾಲ್ಕರಲ್ಲಿ ಗೆದ್ದೆವು. ಆಟವನ್ನೆಲ್ಲ ನೋಡಿದೆ. ಟಿವಿಯಲ್ಲಿ ಬಿಲ್ಲೆ ಬರುವುದಷ್ಟೇ ಕಾಣುತ್ತದೆ ಅಣ್ಣಾ. ಅಲ್ಲಿ ಕೂತರೆ ಅದು ಬರುವುದಕ್ಕೆ ಮುಂಚೆ ಇವಳು ಎಲ್ಲಿಗೆ ಸರಿಯುತ್ತಾಳೆ ಎಂಬುದೂ ಕಾಣುತ್ತದೆ. ಹೊಡೆಯುವವಳ ಭುಜ ಒಂದಿಷ್ಟು ವಾಲಿದರೆ ಸಾಕು, ಇವಳು ಆಗಲೇ ಅಲ್ಲಿರುತ್ತಾಳೆ. ನನ್ನ ಹೊಟ್ಟೆಯಲ್ಲಿದ್ದಾಗಲೂ ಹೀಗೇ ಸರಿಯುತ್ತಿದ್ದಳು, ನಾನು ಯಾವ ಮಗ್ಗುಲಿಗೆ ತಿರುಗುತ್ತೇನೆ ಎಂದು ಮೊದಲೇ ತಿಳಿದವಳ ಹಾಗೆ.

ಎರಡನೇ ಅವಧಿಯಲ್ಲಿ, ಹಿಂದಿನ ಸಾಲಿನಿಂದ ಒಬ್ಬರು ಮೈಥಿಲಿಯವರನ್ನು ಇಂಗ್ಲಿಷಿನಲ್ಲಿ ವಿಚಾರಿಸಿದರು, ಆ ಗೋಲ್‌ಕೀಪರ್ ಯಾರ ಮಗಳು, ಹೇಗೆ ಆಡುತ್ತಾಳೆ ಅಂತ. ಮೈಥಿಲಿ ನನ್ನ ಕಡೆ ಬೆರಳು ತೋರಿಸಿ, ಆಮೇಲೆ ನನ್ನನ್ನೇ ಕೇಳಿದರು, "ಹೇಗೆ ಆಡ್ತಾಳೆ ಅಂತ ಕೇಳ್ತಿದಾರೆ. ಏನಂತ ಹೇಳ್ಲಿ? ಸುಮಾರಾಗಿ ಅನ್ಲಾ?"

ಬಾಯಿಗೆ ಬಂದದ್ದು "ಏನೋ, ಆಡ್ತಾಳೆ" ಎಂಬುದೇ. ನುಂಗಿದೆ.

"ಸುಮಾರಲ್ಲ ರೀ. ಇಲ್ಲಿ ಅವಳಷ್ಟು ಚೆನ್ನಾಗಿ ತಡಿಯೋರು ಇನ್ನೊಬ್ರಿಲ್ಲ. ಹಾಗೇ ಹೇಳಿ."

ಮೈಥಿಲಿ ಹಿಂದಕ್ಕೆ ತಿರುಗಿ ಹಾಗೇ ಹೇಳಿದರು. ಅವರು ಇತ್ತ ತಿರುಗುವಷ್ಟರಲ್ಲಿ, ನಂಬುತ್ತೀಯೋ ಇಲ್ಲವೋ, ಬಿಲ್ಲೆ ಅವಳ ಕಾಲ ಸಂದಿನಲ್ಲಿ ನುಸುಳಿ ಒಳಗೆ ಹೋಯಿತು. ಗೋಲಿನ ಕೆಂಪು ದೀಪ ಹತ್ತಿತು. ಮೈಥಿಲಿ ಬಾಯಿಗೆ ಕೈ ಇಟ್ಟುಕೊಂಡರು.

"ಅಯ್ಯೋ, ನಾನು ಕೇಳ್ಬಾರ್ದಿತ್ತು!"

ನಾನು ನೆಟಿಗೆ ಮುರಿಯಲು ಕೈ ಎತ್ತಿದೆ, ಸುಳ್ಳೇಕೆ ಹೇಳಲಿ. ಮಂಜಿನ ಮೇಲೆ ಪೂರ್ವಿ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಮುಖಕ್ಕೆ ಕವಚ ಎಳೆದುಕೊಂಡು, ಮತ್ತೆ ಬಗ್ಗಿ ನಿಂತಳು. ಏನೂ ಆಗಿರಲಿಲ್ಲ ಅವಳಿಗೆ. ಒಂದು ಗೋಲು ಆಗಿತ್ತು, ಅಷ್ಟೇ.

"ನೀವು ಕೇಳಿದ್ದಕ್ಕಲ್ಲ ರೀ," ಎಂದೆ. "ಈ ವರ್ಷ ಎಲ್ಲರಿಗೂ ಗೋಲು ಜಾಸ್ತಿನೇ ಆಗ್ತಿದೆ. ಅವ್ರಿಗೆ ಹೇಳಿದ್ದು ಹಾಗೇ ಇರ್ಲಿ."

ಹಂಸಾ